ಪದ ಬೇಕಿತ್ತು: ಹುಡುಗಿಯರ ಸಂಘಕ್ಕೆ 'ಸ್ಪಾನ್ಸರ್' ಆಗಿದ್ದ ಟೀಚರ್

ಗೆಳೆಯರೇ,

ಸಣ್ಣ ಪೇಚೊಂದರಲ್ಲಿ ಸಿಕ್ಕಿಕೊಂಡಿದ್ದೇನೆ. ಒಹಾಯೋದಲ್ಲಿರುವ ನನ್ನ ಮೊಮ್ಮಗಳು ಅಲ್ಲಿನ ಕನ್ನಡ ಕೂಟದ ಸಂಚಿಕೆಗೆ ತನ್ನ ಇನ್ನೊಬ್ಬ ಅಜ್ಜಿಯ, ಅಂದರೆ ನಮ್ಮ ಬೀಗಿತ್ತಿಯವರ, ಹೈಸ್ಕೂಲು ದಿನಗಳ ಬಗ್ಗೆ ಬರೆಯುತ್ತಿದ್ದಾಳೆ. ಅವರು ಹೈಸ್ಕೂಲು ಮುಗಿಸಿದ್ದು 1957ರಲ್ಲಿ. ಆ ವರ್ಷದ ಶಾಲಾ ಸಂಚಿಕೆಯ ನಾಲ್ಕು ಪುಟಗಳ ಫೋಟೋ ಕಳಿಸಿದ್ದಾಳೆ. ಬಿಳಿ ಕಾಲರು, ಗಂಟೆಯ ಹಾಗೆ ಹರಡಿದ ಲಂಗ, ಮೂರು ಸಾಲಾಗಿ ನಿಂತ ಹುಡುಗಿಯರು. ಕೆಳಗೆ ಕ್ಲಬ್ಬಿನ ಹೆಸರು, ಪದಾಧಿಕಾರಿಗಳು, ಆ ವರ್ಷ ಮಾಡಿದ ಕೆಲಸ. ಮೊಮ್ಮಗಳ ಕನ್ನಡ ತಿದ್ದುವ ಕೆಲಸ ನನ್ನ ಪಾಲಿಗೆ.

ಗೊತ್ತಿಲ್ಲದ ಪದಗಳು ಅಷ್ಟೇನೂ ಕಾಡಲಿಲ್ಲ. ಕಾಡಿದ್ದು ನಮ್ಮ ಮನೆಯೊಳಗೇ ಓಡಾಡಿಕೊಂಡಿರುವ ಇಂಗ್ಲಿಷ್ ಪದಗಳು. ಕ್ಲಬ್, ಸರ್ವಿಸ್, ಚಾಪ್ಟರ್, ಡ್ರೈವ್, ಸ್ಪಾನ್ಸರ್. ಇವೆಲ್ಲ ಕನ್ನಡಕ್ಕೆ ಬಂದು ಬೇರೆಯದೇ ಸಂಸಾರ ಹೂಡಿವೆ.

ಕ್ಲಬ್ ನೋಡಿ. "ಅವನು ದಿನಾ ಕ್ಲಬ್ಬಿಗೆ ಹೋಗ್ತಾನೆ" ಅಂದರೆ ನಮ್ಮಲ್ಲಿ ಇಸ್ಪೀಟು, ಗುಂಡು. ಹಿಂದೆ ಮೈಸೂರು ಸೀಮೆಯಲ್ಲಿ ಕಾಫಿ ಕ್ಲಬ್ ಅಂದರೆ ಹೋಟೆಲು. 'ಹುಡುಗಿಯರ ಕ್ಲಬ್' ಅಂತ ತಲೆಬರಹ ಕೊಟ್ಟರೆ ನಮ್ಮ ಅಕ್ಕ ಮುಂದಕ್ಕೆ ಓದುವುದೇ ಇಲ್ಲ. 'ಸಂಘ' ಅಂತ ಮಾಡಿ ಮುಂದೆ ಹೋದೆ.

ಬೀಗಿತ್ತಿಯವರು ಇದ್ದ ಮುಖ್ಯ ಸಂಘ 'ಫ್ಯೂಚರ್ ಹೋಮ್‌ಮೇಕರ್ಸ್ ಆಫ್ ಅಮೆರಿಕ'. 1945ರಲ್ಲಿ ಶುರುವಾದದ್ದು. ಶಾಲೆಯಲ್ಲಿ ಹೋಮ್ ಎಕನಾಮಿಕ್ಸ್, ಅಂದರೆ ನಮ್ಮ ಗೃಹವಿಜ್ಞಾನ, ಓದುವ ಹುಡುಗಿಯರ ಸಂಘ. ಮೊಮ್ಮಗಳು 'ಭಾವೀ ಗೃಹಿಣಿಯರು' ಅಂತ ಬರೆದಿದ್ದಾಳೆ. ತಪ್ಪೇನಿಲ್ಲ, ಆದರೆ ಯಾಕೋ ಪತ್ರಿಕೆಯ 'ವಧು ಬೇಕಾಗಿದೆ' ಪುಟದ ವಾಸನೆ. ಗೃಹಿಣಿ ಅಂದಾಗ ಮದುವೆ ಮೊದಲು ಕಾಣುತ್ತದೆ. ಹೋಮ್‌ಮೇಕರ್ ಅಂದಾಗ ಕೆಲಸ ಕಾಣುತ್ತದೆ: ಅಡುಗೆ, ಹೊಲಿಗೆ, ಖರ್ಚಿನ ಲೆಕ್ಕ, ಮಗು ನೋಡಿಕೊಳ್ಳುವುದು. ನನಗೆ ಹೊಳೆದದ್ದು 'ಮನೆವಾರ್ತೆ'. ನಮ್ಮಜ್ಜಿ "ಮನೆವಾರ್ತೆಯೆಲ್ಲ ಅವಳದೇ" ಅಂದರೆ ಉಗ್ರಾಣ, ಲೆಕ್ಕ, ಬಂದವರು ಹೋದವರು ಎಲ್ಲ ಅದರೊಳಗೆ ಬಂತು. ಈಗಿನ ಹುಡುಗರು ವಾರ್ತೆ ಅಂದರೆ ಟಿವಿ ಸುದ್ದಿ ಅಂದುಕೊಂಡಾರು ಅನ್ನುವುದೊಂದೇ ಭಯ.

ಇಲ್ಲಿ ಒಂದು ಕಹಿ ಸಂಗತಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಮಕ್ಕಳಿಗೆ ಬೇರೆ ಶಾಲೆ. ಹಾಗಾಗಿ ಆ ಹುಡುಗಿಯರಿಗೆ ಸಂಘವೂ ಬೇರೆ, 'ನ್ಯೂ ಹೋಮ್‌ಮೇಕರ್ಸ್ ಆಫ್ ಅಮೆರಿಕ'. ಎರಡೂ ಒಂದಾಗಿದ್ದು 1965ರಲ್ಲಿ. ಒಂದೇ ಒಂದು ಪದದಲ್ಲಿ ಬೇಲಿ ಹಾಕಿಟ್ಟಿದ್ದರು, ನೋಡಿ. ಇದನ್ನು 'ನವ ಗೃಹಿಣಿಯರು' ಅಂದರೆ ಮೊನ್ನೆ ಮೊನ್ನೆ ಮದುವೆಯಾದವರ ಸಂಘವಾಗಿಬಿಡುತ್ತದೆ. ಎರಡೂ ಹೆಸರನ್ನು ಹಾಗೇ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬಿಡಿಸಿ ಹೇಳು ಅಂದೆ. ಹೋಮ್‌ಮೇಕರ್ ಪದವನ್ನು ಸಂಘದವರೇ 1999ರಲ್ಲಿ ಹೆಸರಿನಿಂದ ತೆಗೆದರು.

'ನಮ್ಮ ಶಾಲೆಯ ಅಧ್ಯಾಯ' ಅಂತ ಇದ್ದದ್ದನ್ನು 'ಘಟಕ' ಮಾಡಿದೆ. ಚಾಪ್ಟರ್ ತಂದ ಎಡವಟ್ಟು ಅದು. 'ಇತಿಹಾಸಕಾರ್ತಿ' ಅಂತ ಒಬ್ಬಳು ಪದಾಧಿಕಾರಿ ಇದ್ದಳು. ಕೇಳಿದರೆ ಅವಳ ಕೆಲಸ ಫೋಟೋ, ಪೇಪರ್ ತುಣುಕುಗಳನ್ನು ಗೋಂದು ಹಚ್ಚಿ ದೊಡ್ಡ ಪುಸ್ತಕಕ್ಕೆ ಅಂಟಿಸುವುದು! ಇಂಗ್ಲಿಷಿನಲ್ಲಿ ಅವಳು ಹಿಸ್ಟೋರಿಯನ್ನೇ. ಆ ಹುಡುಗಿಗೆ ಅಷ್ಟು ಗತ್ತು ಇರಲಿ ಅಂತ ಬಿಟ್ಟೆ.

ಡ್ರೈವ್‌ಗೆ ಎಲ್ಲರೂ 'ಅಭಿಯಾನ' ಅನ್ನುತ್ತಾರೆ. ನನಗೆ ಅದು ಜೀಪು, ಮೈಕು, ಬ್ಯಾನರಿನ ಪದ. ಈ ಹುಡುಗಿಯರು ಮಾಡಿದ್ದು ಮನೆ ಮನೆ ಬಾಗಿಲು ತಟ್ಟಿ, ಬಡವರ ಹಬ್ಬದ ಊಟಕ್ಕೆ ಡಬ್ಬಿಯಲ್ಲಿ ಬರುವ ತರಕಾರಿ, ಹಣ್ಣು ಕೂಡಿಸಿದ್ದು. ಗಣಪತಿ ಹಬ್ಬಕ್ಕೆ ನಾವು ಚಂದಾ 'ಎತ್ತುತ್ತೇವೆ' ಅಲ್ವಾ? ಅದೇ ಕ್ರಿಯಾಪದ ಇಲ್ಲಿಗೂ ಸರಿ. 'ಡಬ್ಬಿ ಎತ್ತಿದರು' ಅಂದರೆ ಮಾತ್ರ ಕದ್ದ ಹಾಗೆ ಕೇಳುತ್ತದೆ, 'ಡಬ್ಬಿ ಕೂಡಿಸಿದರು' ಅಂತ ಮಾಡಿದೆ. ಪೋಲಿಯೋ ನಿಧಿಗೆ ಹಣ ಎತ್ತಿದ್ದೂ ಇದೆ, 'ಮಾರ್ಚ್ ಆಫ್ ಡೈಮ್ಸ್' ಅಂತ. ಡೈಮ್ ಅಂದರೆ 10 ಸೆಂಟಿನ ನಾಣ್ಯ. ಮೊಮ್ಮಗಳು ಅದನ್ನು ಮಾರ್ಚ್ ತಿಂಗಳಿಗೆ ಹಾಕಿದ್ದಳು. ಆ ಚಂದಾ ಎತ್ತುತ್ತಿದ್ದದ್ದು ಜನವರಿಯಲ್ಲಿ. ಆ ನಿಧಿ ಶುರುಮಾಡಿದ ಅಧ್ಯಕ್ಷ ರೂಸ್‌ವೆಲ್ಟ್ ಹುಟ್ಟಿದ್ದು ಜನವರಿ 30, ಅದಕ್ಕೆ. ನಾಣ್ಯಗಳು ದಂಡುಗಟ್ಟಿ ನಡೆದುಬರಲಿ ಅನ್ನುವ ಮಾರ್ಚ್ ಅದು.

'ಕ್ಯಾಂಡಿ ಸ್ಟ್ರೈಪರ್' ನನಗೆ ಬಹಳ ಇಷ್ಟವಾದ ಪದ. ಸಂಬಳವಿಲ್ಲದೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿ. ನೀರಿನ ಹೂಜಿ ತುಂಬಿಸುವುದು, ರೋಗಿಗಳಿಗೆ ಬಂದ ಕಾಗದ, ಹೂವು ತಲುಪಿಸುವುದು, ಓದಿ ಹೇಳುವುದು. 1944ರಲ್ಲಿ ನ್ಯೂಜೆರ್ಸಿಯ ಈಸ್ಟ್ ಆರೆಂಜಿನಲ್ಲಿ ಹೈಸ್ಕೂಲು ಹುಡುಗಿಯರು ಕೆಂಪು ಬಿಳಿ ಪಟ್ಟೆಯ ಬಟ್ಟೆಯಲ್ಲಿ ತಾವೇ ಸಮವಸ್ತ್ರ ಹೊಲಿದುಕೊಂಡರು. ಪೆಪ್ಪರ್‌ಮಿಂಟಿನ ಕಡ್ಡಿಯ ಹಾಗೆ ಕಾಣುತ್ತಿದ್ದದ್ದರಿಂದ ಈ ಹೆಸರು. ನಾನು ಫೋನಿನಲ್ಲಿ "ಪಟ್ಟೆ ಲಂಗದ ಹುಡುಗಿಯರು" ಅಂತ ಓದಿದ್ದೇ ತಡ ಅಕ್ಕ, "ಪಟ್ಟೆ ಉಟ್ಟುಕೊಂಡು ಆಸ್ಪತ್ರೆ ಕೆಲಸವೇನೇ?" ಅಂದಳು. ಅವಳಿಗೆ ಪಟ್ಟೆ ಅಂದರೆ ರೇಷ್ಮೆ! 'ಗೆರೆಗೆರೆ ಲಂಗ' ಆದೀತೇನೋ.

ಸರ್ವಿಸ್‌ಗೆ 'ಸೇವೆ' ಹಾಕಿದರೆ ದೇವಸ್ಥಾನದ ರಶೀದಿ ನೆನಪಾಗುತ್ತದೆ, ಸರ್ವಿಸ್ ಅಂತಲೇ ಬಿಟ್ಟರೆ ಸ್ಕೂಟರಿನ ಗ್ಯಾರೇಜು. 'ಊರಿಗೆ ಉಪಕಾರದ ಕೆಲಸ' ಅಂತ ಉದ್ದಕ್ಕೇ ಬರೆಸಿದೆ.

ಉಳಿದದ್ದು ಸ್ಪಾನ್ಸರ್. ಆ ಶಾಲೆಗಳಲ್ಲಿ ಪ್ರತಿ ಸಂಘಕ್ಕೂ ಒಬ್ಬರು ಟೀಚರ್ ಜವಾಬ್ದಾರಿ ಹೊರಬೇಕು. ಸಭೆಗೆ ಕೂರಬೇಕು, ಜೊತೆಗೆ ಹೋಗಬೇಕು, ಲೆಕ್ಕ ನೋಡಬೇಕು. ಅವರೇ ಸ್ಪಾನ್ಸರ್. ಹಣ ಕೊಡುವವರಲ್ಲ, ಹಾಗಾಗಿ 'ಪ್ರಾಯೋಜಕಿ' ಪೂರ್ತಿ ತಪ್ಪು. 'ಮಾರ್ಗದರ್ಶಕಿ' ಅಂದರೆ ಪಿಎಚ್‌ಡಿ ಗೈಡು. 'ಮೇಲ್ವಿಚಾರಕಿ' ಅಂದರೆ ಹಾಸ್ಟೆಲ್ ವಾರ್ಡನ್. ನಮ್ಮ ಕಾಲೇಜುಗಳಲ್ಲಿ ಹುಡುಗರು 'ಎನ್‌ಎಸ್‌ಎಸ್ ಮೇಡಂ', 'ಎನ್‌ಸಿಸಿ ಸರ್' ಅನ್ನುತ್ತಾರೆ. ಅದರ ಜಾಡಿನಲ್ಲಿ 'ಸಂಘದ ಟೀಚರ್' ಅಂತ ಬರೆದಿದ್ದೇನೆ. ಸಂಚಿಕೆಯ ಸಂಪಾದಕರು ಇದು ತೀರಾ ಮನೆಮಾತು, 'ಗೌರವ ಸಲಹೆಗಾರರು' ಮಾಡಿ ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ವರ್ಷಕ್ಕೊಮ್ಮೆ ಹಾರ ಹಾಕಿಸಿಕೊಂಡು ಹೋಗುವವರ ಹಾಗೆ ಕಾಣುತ್ತದೆ.

ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ. ಹಾಗೇ ಧಾರವಾಡ, ಮಂಗಳೂರು ಕಡೆಯವರು ಪಟ್ಟೆ ಬಟ್ಟೆಗೆ ಏನನ್ನುತ್ತೀರಿ ಅನ್ನುವುದನ್ನೂ ಹೇಳಿ. ಅಕ್ಕನಿಗೆ ಉತ್ತರ ಕೊಡಬೇಕು.