ಬಫಲೋ ಬಿಲ್ ವಿಂಚೆಸ್ಟರ್: ಮಾರಿದರೆ ನಿಜವಾಗಿ ಎಷ್ಟು ಬರುತ್ತೆ?

ಮಲ್ಲಿಗೆಬಳ್ಳಿ:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಹಳೇ ಬಂದೂಕುಗಳ ವಿಷಯ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ನನ್ನ ಗಂಡ ಇಲ್ಲಿಯವರೇ. ನಮ್ಮ ಮಾವನವರು ಹೋದ ವರ್ಷ ತೀರಿಕೊಂಡರು. ಮೊಂಟಾನಾದಲ್ಲಿದ್ದ ಅವರ ಮನೆ ಖಾಲಿ ಮಾಡುವಾಗ ಒಂದು ವಿಂಚೆಸ್ಟರ್ ಮಾಡೆಲ್ 94 ಸಿಕ್ಕಿತು. ವೈಲ್ಡ್ ವೆಸ್ಟ್ ಪ್ರದರ್ಶನಗಳ ಬಫಲೋ ಬಿಲ್ (ಡಬ್ಲ್ಯು ಎಫ್ ಕೋಡಿ) ಹೆಸರಿನ ಕಮೆಮರೇಟಿವ್ ಎಡಿಷನ್, ಅಂದರೆ ನೆನಪಿಗಾಗಿ ತೆಗೆದ ವಿಶೇಷ ಆವೃತ್ತಿ, 1968ರದ್ದು, 20 ಇಂಚು ನಳಿಗೆಯ ಕಾರ್ಬೈನ್ (ಗಿಡ್ಡ ರೈಫಲ್). ಡಬ್ಬಿ ಇದೆ, ಒಳಗೆ ಏನೇನೋ ಕಾಗದಗಳೂ ಇವೆ. ಹ್ಯಾಮರ್, ಟ್ರಿಗರ್ ಎಲ್ಲ ಬೆಳ್ಳಿ ಹಾಗೆ ಹೊಳೆಯುತ್ತಿವೆ, ಮರದ ಹಿಡಿಯಲ್ಲಿ ಒಂದು ಪದಕ ಕೂರಿಸಿದ್ದಾರೆ.

ಈಗ ತಲೆನೋವು ಏನಂದರೆ, ನನ್ನ ಗಂಡನ ಕಸಿನ್ ಒಬ್ಬರು ಐದು ಸಾವಿರ ಡಾಲರಿಗಿಂತ ಕಡಿಮೆಗೆ ಕೊಡಲೇಬೇಡಿ ಅಂತಾರೆ. ಇಲ್ಲಿನ ಅಂಗಡಿಯವನು ಡಬ್ಬಿ ಪೂರ್ತಿ ತೆರೆಯದೇ 400 ಅಂದ. ಆನ್‌ಲೈನ್‌ನಲ್ಲಿ ನೋಡಿದರೆ ಇನ್ನೊಬ್ಬ 1,800 ಕೇಳುತ್ತಿದ್ದಾನೆ. ಯಾರನ್ನು ನಂಬೋದು? ನಮಗೆ ಬೇಟೆಯೂ ಗೊತ್ತಿಲ್ಲ, ಗುರಿ ಹೊಡೆಯುವ ಹುಚ್ಚೂ ಇಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಾಗಾಗಿ ಮಾರುವುದಂತೂ ಖಂಡಿತ. ಆದರೆ ಮಾವನ ವಸ್ತು, ಸುಮ್ನೆ ಬಿಟ್ಟಿಗೆ ಹೋಗಬಾರದು ಅಲ್ವಾ.

ಹಳೇಕೋವಿ:

ಆ ಮೂರೂ ಬೆಲೆಗಳನ್ನು ಪಕ್ಕಕ್ಕಿಡಿ ಮೇಡಂ. 400 ಅಂದವನು ವ್ಯಾಪಾರಿ, ಅವನಿಗೆ ತನ್ನ ಲಾಭ, ಅಂಗಡಿ ಬಾಡಿಗೆ, ಯಾವಾಗ ಮಾರಾಟ ಆಗುತ್ತೋ ಅನ್ನುವ ಭಯ ಎಲ್ಲ ಸೇರಿ ಆ ನಂಬರ್ ಬರುತ್ತದೆ, ಅದರಲ್ಲಿ ಮೋಸ ಅಂತೇನಿಲ್ಲ. 1,800 ಅನ್ನೋದು ಕೇಳಿದ ಬೆಲೆ, ಕೊಟ್ಟ ಬೆಲೆ ಅಲ್ಲ. ಯಾರು ಏನು ಬೇಕಾದರೂ ಕೇಳಬಹುದು. ಐದು ಸಾವಿರದ ಬಗ್ಗೆ ನಾನು ಮಾತಾಡಲ್ಲ.

ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು, ಆಗ ಬೆಲೆ ಯಾಕೆ ಏರಿಲ್ಲ ಅಂತ ಅರ್ಥ ಆಗುತ್ತೆ. ವಿಂಚೆಸ್ಟರ್‌ನವರು ಮಾಡೆಲ್ 94ರಲ್ಲಿ ಮೊದಲ ಕಮೆಮರೇಟಿವ್ ತೆಗೆದದ್ದು 1964ರಲ್ಲಿ, ವಯೋಮಿಂಗ್ ರಾಜ್ಯಕ್ಕೆ 75 ವರ್ಷ ಆಯಿತು ಅಂತ. ಮಾಡಿದ್ದು 1,500 ಮಾತ್ರ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಆದರೆ ಕಂಪನಿಗೆ ರುಚಿ ಹತ್ತಿತು. 1966ರಲ್ಲಿ ಕಂಪನಿಗೇ ನೂರು ವರ್ಷ ಅಂತ ಚಿನ್ನದ ಬಣ್ಣದ ರಿಸೀವರ್ (ಒಳಗಿನ ಯಂತ್ರ ಕೂರುವ ಲೋಹದ ನಡುಭಾಗ) ಹಾಕಿ ಒಂದು ಲಕ್ಷಕ್ಕೂ ಜಾಸ್ತಿ ಮಾಡಿದರು. 1967ರಲ್ಲಿ ಕೆನಡಾದ ನೂರನೇ ವರ್ಷಕ್ಕೆ 90 ಸಾವಿರ. ಮಾರನೇ ವರ್ಷ ನಿಮ್ಮ ಬಫಲೋ ಬಿಲ್, 1 ಲಕ್ಷದ 12 ಸಾವಿರಕ್ಕೂ ಮೇಲೆ. ಆಮೇಲೆ ರೂಸ್‌ವೆಲ್ಟ್, ಕೌಬಾಯ್, ಜಾನ್ ವೇನ್ ಅಂತ ಸಾಲು ನಿಲ್ಲಲೇ ಇಲ್ಲ. ಇದಕ್ಕೆ ಲಿಮಿಟೆಡ್ ಎಡಿಷನ್ ಅಂತ ಹೆಸರು, ನೋಡಿ.

ಅಷ್ಟು ಮಾಡಿದರೂ ಜನ ಅದನ್ನು ಬಳಸಿ, ಕೆಡಿಸಿ, ಕಳೆದುಕೊಂಡಿದ್ದರೆ ಇವತ್ತು ಉಳಿದದ್ದಕ್ಕೆ ಬೆಲೆ ಬರುತ್ತಿತ್ತು. ಇಲ್ಲಿ ಆದದ್ದೇ ಬೇರೆ. ಕೊಂಡವರೆಲ್ಲ ಮುಂದೆ ಬೆಲೆ ಬರುತ್ತೆ ಅಂತಲೇ ಕೊಂಡರು, ಮದುವೆ ಸೀರೆ ಹಾಗೆ ಮಡಿಸಿ ಬೀರುವಿನಲ್ಲಿಟ್ಟರು. ಈಗ ಅವರ ಮಕ್ಕಳು ಎಲ್ಲರೂ ಒಟ್ಟಿಗೆ ಹೊರಗೆ ತೆಗೆಯುತ್ತಿದ್ದಾರೆ. ಬೇಕು ಅನ್ನುವವರು ಕಡಿಮೆ, ಮಾರುವವರು ಜಾಸ್ತಿ. 1968ರಲ್ಲಿ ಇದರ ಬೆಲೆ ಸುಮಾರು 130 ಡಾಲರ್ ಇತ್ತು, ಇವತ್ತಿನ ದುಡ್ಡಿಗೆ ತಿರುಗಿಸಿದರೆ 1,100 ಡಾಲರ್ ದಾಟುತ್ತದೆ. ಅಂದರೆ ಈಗ ಸಾವಿರಕ್ಕೆ ಮಾರಿದರೂ ಐವತ್ತು ಚಿಲ್ಲರೆ ವರ್ಷ ಕಾಪಾಡಿದ್ದಕ್ಕೆ ನಷ್ಟವೇ. ಅದೇ ಅಂಗಡಿಯಲ್ಲಿ ಆ ಕಾಲದ ಸಾದಾ ಕೋಲ್ಟ್ ಪೈಥಾನ್ ರಿವಾಲ್ವರ್ ತೆಗೆದುಕೊಂಡಿದ್ದರೆ ಲೆಕ್ಕವೇ ಬೇರೆ ಇರುತ್ತಿತ್ತು, ಅದನ್ನು ಯಾರೂ ಸ್ಮಾರಕ ಅಂತ ಮಾರಲಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಗನ್‌ಬ್ರೋಕರ್ ಅನ್ನುವ ಬಂದೂಕು ಹರಾಜಿನ ವೆಬ್‌ಸೈಟಿನಲ್ಲಿ ಒಂದು ಖಾತೆ ತೆರೆಯಿರಿ, ಮುಗಿದ ಹರಾಜುಗಳು ಅಂತ ಆಯ್ಕೆ ಇದೆ, ಅದರಲ್ಲಿ ಬಫಲೋ ಬಿಲ್ ಕಾರ್ಬೈನ್ ಹುಡುಕಿ. ಬಿಡ್ ಬಂದು ಮಾರಾಟವಾದದ್ದನ್ನು ಮಾತ್ರ ನೋಡಿ, ಯಾರೂ ಕೈ ಎತ್ತದೆ ಮುಗಿದದ್ದು ಲೆಕ್ಕಕ್ಕಿಲ್ಲ. ಕಾರ್ಬೈನ್‌ಗೆ ಕಾರ್ಬೈನ್ ಹೋಲಿಸಿ, ಅದೇ ಬಫಲೋ ಬಿಲ್‌ನಲ್ಲಿ 26 ಇಂಚಿನ ರೈಫಲ್ ಕೂಡ ಇದೆ. ನಿಮ್ಮದು ಇರುವ ಸ್ಥಿತಿಯಲ್ಲೇ ಇರುವ ಏಳೆಂಟು ಸಿಕ್ಕರೆ ಸಾಕು, ತೀರಾ ಮೇಲಿನದು ತೀರಾ ಕೆಳಗಿನದು ಬಿಟ್ಟು ನಡುವಿನದನ್ನು ಹಿಡಿಯಿರಿ. ಬ್ಲೂ ಬುಕ್ (ಬಂದೂಕುಗಳ ಬೆಲೆ ಪುಸ್ತಕ) ಬೆಲೆ ಯಾರಾದರೂ ಹೇಳಿದರೆ ಕೇಳಿಸಿಕೊಳ್ಳಿ, ಆದರೆ ಅದಕ್ಕೂ ಈ ತಿಂಗಳ ಮಾರುಕಟ್ಟೆಗೂ ಅಂತರ ಇರುತ್ತೆ.

ನಳಿಗೆನೋಟ:

ಹಳೇಕೋವಿಯವರು ಸಂಖ್ಯೆ ಹೇಳಿದರು, ನಾನು ಸ್ಥಿತಿಯ ಬಗ್ಗೆ ಹೇಳುತ್ತೇನೆ, ಯಾಕಂದರೆ ಇಂಥ ಬಂದೂಕಿನಲ್ಲಿ ಅರ್ಧ ಬೆಲೆ ಇರುವುದು ಅಲ್ಲೇ. ಕಮೆಮರೇಟಿವ್ ಕೊಳ್ಳುವವನಿಗೆ ಗುಂಡು ಹಾರಿಸುವ ಬಂದೂಕು ಬೇಕಿಲ್ಲ, ಕಾರ್ಖಾನೆಯಿಂದ ಬಂದ ಹಾಗೇ ಇರುವ ವಸ್ತು ಬೇಕು. ಒಮ್ಮೆ ಬೇಟೆಗೆ ಒಯ್ದರೂ ಅದು .30-30 ಗುಂಡು ಹಾರಿಸುವ ಬರೀ ಒಂದು ಹಳೇ ಬಂದೂಕು ಆಗಿಬಿಡುತ್ತೆ.

ಮೊದಲು ಖಾಲಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಲಿ ಮಾಡಿಸಿ, ಇದರಲ್ಲಿ ನಾಚಿಕೆ ಬೇಡ. ಆಮೇಲೆ ಹತ್ತಿಯ ಕೈಗವಸು ಹಾಕಿಕೊಂಡು ಕಿಟಕಿ ಬೆಳಕಿಗೆ ಹಿಡಿಯಿರಿ. ರಿಸೀವರ್‌ನ ಎಡಬದಿಯಲ್ಲಿ ಒಂದು ಚಿಕ್ಕ ಉಂಗುರ ನೇತಾಡುತ್ತಿರುತ್ತೆ, ಹಿಂದೆ ಕುದುರೆ ಜೀನಿಗೆ ಕಟ್ಟಲಿಕ್ಕೆ ಇದ್ದದ್ದು. ಅದು ಆಚೀಚೆ ಆಡಿದಾಗ ಕಪ್ಪು ಲೇಪದ ಮೇಲೆ ಕಮಾನಿನ ಹಾಗೆ ಒಂದು ಗೀರು ಬೀಳುತ್ತದೆ. ಕೊಳ್ಳುವವನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಅದಾದ ಮೇಲೆ ಲಿವರ್ (ಗುಂಡು ತುಂಬಲು ಕೆಳಕ್ಕೆ ಎಳೆಯುವ ಹಿಡಿಕೆ) ಎಳೆದ ಗುರುತು ನೋಡುತ್ತಾರೆ. ಗುಂಡನ್ನು ನಳಿಗೆಗೆ ತಳ್ಳುವ ಬೋಲ್ಟ್ ಹಿಂದಕ್ಕೆ ಬರುವಾಗ ಹ್ಯಾಮರ್‌ನ ಮೇಲೆ ಉಜ್ಜಿಕೊಂಡೇ ಬರುತ್ತೆ, ಮೇಲೆ ನಿಕ್ಕಲ್ ಲೇಪ ಇರುವುದರಿಂದ ಗೆರೆ ಬೇಗ ಕಾಣುತ್ತೆ. ಹಾಗಾಗಿ ನೋಡಲು ಬರುವ ನೆಂಟರಿಷ್ಟರ ಕೈಗೆ ಕೊಟ್ಟು ಕಟಕಟ ಅನ್ನಿಸಬೇಡಿ. ಕಾರ್ಖಾನೆಯಲ್ಲೇ ಪರೀಕ್ಷೆಗೆ ಗುಂಡು ಹಾರಿಸಿರುತ್ತಾರೆ, ಅದರಿಂದ ನಳಿಗೆಯೊಳಗೆ ಸ್ವಲ್ಪ ಮಸಿ ಕಂಡರೆ ಗಾಬರಿ ಬೇಡ.

ಡಬ್ಬಿ ಇದೆ ಅಂದಿರಿ. ಯಾವ ಡಬ್ಬಿ? ಒಳಗಿನದು ಮಾತ್ರನಾ, ಅದರ ಮೇಲಿನ ಕವಚವೂ ಇದೆಯಾ? ಅದರ ಮೇಲೆ ಸೀರಿಯಲ್ ನಂಬರ್ ಇದ್ದರೆ ಬಂದೂಕಿನ ನಂಬರಿಗೆ ಹೊಂದುತ್ತಾ ನೋಡಿ. ಬೇರೆ ಬಂದೂಕಿನ ಡಬ್ಬಿ ಸೇರಿಸಿ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಕೊಳ್ಳುವವರೂ ಅಷ್ಟೇ ಅನುಮಾನದವರು. ಒಳಗಿನ ಕೈಪಿಡಿ, ದಾರ ಕಟ್ಟಿದ ಚೀಟಿ ಏನನ್ನೂ ಬಿಸಾಡಬೇಡಿ.

ದಯವಿಟ್ಟು ಪಾಲಿಷ್ ಹಾಕಬೇಡಿ. 1964ರಲ್ಲಿ ಖರ್ಚು ಉಳಿಸಲು ವಿಂಚೆಸ್ಟರ್‌ನವರು ಮಾಡೆಲ್ 94ರ ತಯಾರಿಕೆಯನ್ನೇ ಬದಲಿಸಿದರು, ಆಮೇಲಿನ ರಿಸೀವರ್ ಲೋಹಕ್ಕೆ ಮಾಮೂಲಿ ಬ್ಲೂಯಿಂಗ್ (ಬಂದೂಕಿನ ನೀಲಿಗಪ್ಪು ಲೇಪ) ಸರಿಯಾಗಿ ಹಿಡಿಯಲ್ಲ. ಲೇಪ ಹೋದರೆ ಹೋಯಿತು. ಒಣ ಬಟ್ಟೆಗೆ ಒಂದೆರಡು ಹನಿ ಬಂದೂಕಿನ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ, ಸಾಕು. ಇನ್ನು ಮಾರುವ ತನಕ ಆ ರಟ್ಟಿನ ಡಬ್ಬಿಯೊಳಗೇ ಇಡಬೇಡಿ, ರಟ್ಟು ತೇವ ಹಿಡಿದುಕೊಳ್ಳುತ್ತೆ, ತುಕ್ಕು ಶುರುವಾಗೋದೇ ಹಾಗೆ. ಡಬ್ಬಿ ಬೇರೆ, ಬಂದೂಕು ಬೇರೆ, ಬೀಗ ಹಾಕುವ ಕಪಾಟಿನಲ್ಲಿ. ಮಕ್ಕಳಿರುವ ಮನೆ ಅಂದಿರಲ್ಲ.

ಗುರಿಗಾರ:

ನನ್ನ ಮಾತು ಯಾರಿಗೂ ಇಷ್ಟ ಆಗಲ್ಲ, ಆದರೂ ಹೇಳ್ತೀನಿ. ಇಡೀ ಕಮೆಮರೇಟಿವ್ ವ್ಯವಹಾರವೇ ನನಗೆ ಒಪ್ಪಿಗೆಯಿಲ್ಲ. ಜಾನ್ ಬ್ರೌನಿಂಗ್ ಇದನ್ನು ಮಾಡಿದ್ದು ಜಿಂಕೆ ಬೇಟೆಗೆ ಹೇಳಿ ಮಾಡಿಸಿದ ಹಾಗೆ, ಹಗುರ, ಚುರುಕು, ಕುದುರೆ ಮೇಲೂ ಕಾರಿನಲ್ಲೂ ಒಯ್ಯಬಹುದು. ಅದಕ್ಕೆ ನಿಕ್ಕಲ್ ಬಳಿದು ಗಾಜಿನ ಕಪಾಟಿನಲ್ಲಿ ಕೂರಿಸಿದ್ದಾರೆ. 1964ಕ್ಕೂ ಮುಂಚಿನ ಸಾದಾ 94 ಒಂದು, ಬಣ್ಣ ಮಾಸಿ ಹಿಡಿ ಸವೆದದ್ದಾದರೂ ಸರಿ, ಪಕ್ಕದಲ್ಲಿಟ್ಟರೆ ತಿಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ನನ್ನ ಸಲಹೆ, ಮಾರಬೇಡಿ, ನಿಮ್ಮ ಗಂಡನಿಗೆ ಕೊಟ್ಟು ರೇಂಜಿಗೆ ಕಳಿಸಿ.

ಹಳೇಕೋವಿ:

ಗುರಿಗಾರರೇ, ಅವರು ಕೇಳಿದ್ದು ಬೆಲೆ. ಸಾದಾ ಹಳೇ 94ರ ಬಗ್ಗೆ ನೀವು ಹೇಳಿದ್ದು ನಿಜ, ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ.

ಕಾಗದಪತ್ರ:

ಬೆಲೆಗಿಂತ ಮುಂಚೆ ಒಂದು ಮಾತು, ಇದನ್ನು ಓದುವ ಬೇರೆಯವರಿಗೂ ಸೇರಿ. ಎಚ್-1ಬಿ ತರದ ತಾತ್ಕಾಲಿಕ ವೀಸಾ ಮೇಲೆ ಇರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನಿನಲ್ಲೇ ನಿರ್ಬಂಧ ಇದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳು ಬಿಟ್ಟರೆ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ, ಸಿಕ್ಕಿಬಿದ್ದರೆ ವೀಸಾ ಮಾತ್ರ ಅಲ್ಲ, ಅಪರಾಧದ ಕೇಸೇ ಆಗುತ್ತೆ.

ಮೇಡಂ, ನಿಮ್ಮ ವಿಷಯಕ್ಕೆ ಬಂದರೆ, ಉಯಿಲಿನಿಂದ ಅಥವಾ ವಾರಸುದಾರಿಕೆಯಿಂದ ಬಂದ ರೈಫಲ್ ಅನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ತರಲು ಫೆಡರಲ್ ಕಾನೂನಿನಲ್ಲಿ ಅವಕಾಶ ಇದೆ, ಆದರೆ ನೀವಿರುವ ರಾಜ್ಯದ ನಿಯಮ ಬೇರೆ ಇರಬಹುದು, ಅದನ್ನು ನೋಡಿಕೊಳ್ಳಿ. ಮಾರುವಾಗ ಈ ವಿನಾಯಿತಿ ಇಲ್ಲ. ಬೇರೆ ರಾಜ್ಯದವರಿಗೆ ಮಾರಿದರೆ ಪರವಾನಗಿ ಇರುವ ಡೀಲರ್ ಮೂಲಕವೇ ಹೋಗಬೇಕು. 50 ವರ್ಷ ದಾಟಿರುವುದರಿಂದ ಇದು ಸಂಗ್ರಾಹಕರ ವಿಶೇಷ ಪರವಾನಗಿಯ ವ್ಯಾಪ್ತಿಗೂ ಬರುತ್ತೆ, ಕೊಳ್ಳುವವರಲ್ಲಿ ಅಂಥವರು ಇದ್ದರೆ ನೇರವಾಗಿ ತರಿಸಿಕೊಳ್ಳಬಹುದು. ಮಾಡೆಲ್ 94 ಅಂತ, ಅಂದರೆ 1894ರ, ಹೆಸರಿದ್ದ ಮಾತ್ರಕ್ಕೆ ಇದು ಕಾನೂನಿನ ಲೆಕ್ಕದಲ್ಲಿ ಆಂಟಿಕ್ ಆಗಲ್ಲ, ಅದಕ್ಕೆ 1898ರೊಳಗೆ ತಯಾರಾಗಿರಬೇಕು. ಜಾಹೀರಾತಿನಲ್ಲಿ ಆ ಪದ ಹಾಕಬೇಡಿ.

ತೆರಿಗೆ ಚಿಂತೆ ಹೆಚ್ಚು ಬೇಡ. ಮಾವನವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ಲಾಭದ ಲೆಕ್ಕಕ್ಕೆ ನಿಮ್ಮ ಅಸಲು, ಅವರು ಕೊಟ್ಟ 130 ಅಲ್ಲ.

ಮಲ್ಲಿಗೆಬಳ್ಳಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾವಿಬ್ಬರೂ ನಿನ್ನೆ ರಾತ್ರಿ ಮಕ್ಕಳು ಮಲಗಿದ ಮೇಲೆ ಟಾರ್ಚ್ ಹಿಡಿದು ಕೂತಿದ್ದೆವು. ಬಂದೂಕು ಖಾಲಿ ಇದೆ, ಬೇಟೆಗೆ ಹೋಗುವ ಪಕ್ಕದ ಮನೆಯವರು ಬಂದು ನೋಡಿ ಹೇಳಿದರು. ಉಂಗುರದ ಹತ್ತಿರ ನೀವು ಹೇಳಿದ ಕಮಾನು ಗೀರು ಸಣ್ಣದಾಗಿ ಇದೆ, ಬೆಳಕು ಓರೆ ಮಾಡಿದರೆ ಮಾತ್ರ ಕಾಣುತ್ತೆ. ಹ್ಯಾಮರ್ ಮೇಲೂ ತೆಳು ಗೆರೆ ಇದೆ. ಡಬ್ಬಿ ಮತ್ತು ಕವಚ ಎರಡೂ ಇವೆ, ನಂಬರ್ ಹೊಂದುತ್ತೆ, ಕವಚದ ಒಂದು ಮೂಲೆ ಹರಿದಿದೆ. ಹಿಂಬದಿಯಲ್ಲಿ ಡಬ್ಲ್ಯು ಎಫ್ ಕೋಡಿ, ಚೀಫ್ ಆಫ್ ಸ್ಕೌಟ್ಸ್ ಅಂತ ಕೆತ್ತಿದೆ, ಇದು ವಿಶೇಷನಾ? ವಯೋಮಿಂಗ್‌ನ ಕೋಡಿ ಊರಿನ ಮ್ಯೂಸಿಯಂಗೆ ಬರೆದರೆ ಪ್ರಮಾಣಪತ್ರ ಕೊಡುತ್ತಾರಂತೆ, ತರಿಸಿದರೆ ಬೆಲೆ ಏರುತ್ತಾ?

ನಳಿಗೆನೋಟ:

ಆ ಕೆತ್ತನೆ ಎಲ್ಲ ಬಫಲೋ ಬಿಲ್‌ಗಳಲ್ಲೂ ಇದೆ, ವಿಶೇಷವಲ್ಲ. ಮ್ಯೂಸಿಯಂನವರ ಹತ್ತಿರ ವಿಂಚೆಸ್ಟರ್ ಕಾರ್ಖಾನೆಯ ಹಳೇ ದಾಖಲೆಗಳಿರುವುದು ನಿಜ, ಆದರೆ ಈ ಮಾದರಿಯ ದಾಖಲೆ 20ನೇ ಶತಮಾನದ ಮೊದಲ ವರ್ಷಗಳಲ್ಲೇ ನಿಲ್ಲುತ್ತದೆ. 1968ರ ಬಂದೂಕಿಗೆ ಆ ದಾರಿ ಇಲ್ಲ, ದುಡ್ಡು ಖರ್ಚು ಮಾಡಬೇಡಿ. ಹರಿದ ಮೂಲೆಗೆ ಟೇಪ್ ಅಂಟಿಸಬೇಡಿ.

ಹಳೇಕೋವಿ:

ಇಷ್ಟು ವಿವರ ಸಿಕ್ಕಿತಲ್ಲ, ಈಗ ನೇರವಾಗಿ ಹೇಳಬಹುದು. ಇದನ್ನು ಡಬ್ಬಿಯಿಂದ ತೆಗೆಯದ ಹೊಸದು ಅಂತ ಮಾರಬೇಡಿ. ಹಾರಿಸಿದ ಲಕ್ಷಣವಿಲ್ಲ, ಲಿವರ್ ಆಡಿಸಿದ ಗುರುತಿದೆ, ಡಬ್ಬಿ ಪೂರ್ತಿ ಇದೆ ಅಂತ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನನ್ನ ಅಂದಾಜು ನೂರುಗಳ ಲೆಕ್ಕದಲ್ಲೇ ನಿಲ್ಲುತ್ತೆ, ಸಾವಿರ ಮುಟ್ಟಿದರೆ ನಿಮ್ಮ ಅದೃಷ್ಟ. ದೊಡ್ಡ ಹರಾಜು ಮನೆಗೆ ಕೊಡುವ ಯೋಚನೆ ಇದ್ದರೆ ಬಿಡಿ, ಈ ಮಟ್ಟದ ವಸ್ತುವಿಗೆ ಅವರ ಕಮಿಷನ್, ಸಾಗಾಣಿಕೆ ಕಳೆದರೆ ಉಳಿಯೋದು ಕಡಿಮೆ, ಕೊಳ್ಳುವವನೂ ಅವರಿಗೆ ಕೊಡಬೇಕಾದ ಪ್ರೀಮಿಯಂ ನೆನಪಿಟ್ಟುಕೊಂಡೇ ಬಿಡ್ ಮಾಡುತ್ತಾನೆ.

ಪರಿಚಯದ ಡೀಲರ್ ಒಬ್ಬರಿಗೆ ಕನ್ಸೈನ್‌ಮೆಂಟ್ ಮೇಲೆ ಕೊಡಿ. ಅವರೇ ಆನ್‌ಲೈನ್ ಹರಾಜಿಗೆ ಹಾಕುತ್ತಾರೆ, ಕಾಗದ ಪತ್ರವೂ ಅವರದೇ, ಮಾರಾಟವಾದ ಮೇಲೆ ಕಮಿಷನ್ ಹಿಡಿದು ಉಳಿದದ್ದು ಕೊಡುತ್ತಾರೆ. ಮೊದಲೇ ಕಮಿಷನ್ ಎಷ್ಟು, ಹರಾಜಿನ ಶುಲ್ಕ ಯಾರ ಮೇಲೆ, ಮಾರಾಟವಾಗದಿದ್ದರೆ ಏನು ಅಂತ ಬರವಣಿಗೆಯಲ್ಲಿ ಕೇಳಿ. ಆ ಗೀರಿನ ಫೋಟೋ ಹತ್ತಿರದಿಂದ ತೆಗೆದು ಜಾಹೀರಾತಿನಲ್ಲೇ ಹಾಕಲು ಹೇಳಿ. ಸಮಯ ಶರತ್ಕಾಲ ಒಳ್ಳೆಯದು, ಬೇಟೆ ಸೀಸನ್‌ಗೆ ಮುಂಚೆ ಜನ ಲಿವರ್ ಬಂದೂಕುಗಳ ಕಡೆ ನೋಡುತ್ತಿರುತ್ತಾರೆ. ಮುಗಿದ ಹರಾಜುಗಳಲ್ಲಿ ಕಂಡ ನಡುವಿನ ಬೆಲೆಗಿಂತ ಸ್ವಲ್ಪ ಕೆಳಗೆ ರಿಸರ್ವ್ (ಇದಕ್ಕಿಂತ ಕಡಿಮೆಗೆ ಕೊಡಲ್ಲ ಅನ್ನುವ ಬೆಲೆ) ಇಡಿಸಿ, ಅದಕ್ಕಿಂತ ಮೇಲೆ ಇಟ್ಟರೆ ಬಂದೂಕು ವಾಪಸ್ ನಿಮ್ಮ ಕಪಾಟಿಗೇ ಬರುತ್ತೆ.