ಹಾರ್ಮೋನ್ ಕೆಡಿಸುವ ರಾಸಾಯನಿಕಗಳು: ಮನೆಯಲ್ಲಿ ಮೊದಲು ಏನನ್ನು ಬದಲಿಸಬೇಕು?

ಗಾಜಿನಭರಣಿ (ಪ್ರಶ್ನೆ)

ಬಿಪಿಎ (ಗಡುಸು ಪ್ಲಾಸ್ಟಿಕ್ಕಿನದು), ಥಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವಂಥದ್ದು), ಪ್ಯಾರಾಬೆನ್ (ಲೋಷನ್, ಶಾಂಪೂ ಕೆಡದಂತೆ ಹಾಕುವುದು), ಪಿಎಫ್‌ಎಎಸ್ (ನೀರು, ಜಿಡ್ಡು ಅಂಟದಂತೆ ಮಾಡುವ ರಾಸಾಯನಿಕಗಳ ಗುಂಪು)... ಓದಿದಷ್ಟೂ ಪಟ್ಟಿ ಬೆಳೆಯುತ್ತಲೇ ಇದೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಆಗುವ ಕೆಲಸವಲ್ಲ. ಮಗು ಬೇಕೆಂದುಕೊಂಡಿರುವ ದಂಪತಿಯ ಮನೆ ಎಂದಿಟ್ಟುಕೊಳ್ಳಿ. ಪಟ್ಟ ಶ್ರಮಕ್ಕೆ ಫಲ ಸಿಗಬೇಕಾದರೆ ಯಾವುದರಿಂದ ಶುರು ಮಾಡಬೇಕು? ‘ಬಿಪಿಎ ಫ್ರೀ’ ಎಂದಿರುವ ಡಬ್ಬಿ ಸಾಕೇ? ನಾನ್‌ಸ್ಟಿಕ್ ಬಾಣಲೆ ಎಸೆಯಬೇಕೇ? ಮೂತ್ರ ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ಎಷ್ಟಿದೆ ಎಂದು ಗೊತ್ತಾಗುತ್ತದೆಯೇ?

ಬೆಂಜೀನ್ ಉಂಗುರ

ಕೊನೆಯ ಪ್ರಶ್ನೆಯನ್ನೇ ಮೊದಲು ತಗೊಳ್ತೀನಿ, ಉಳಿದವು ಅದರ ಮೇಲೆ ನಿಂತಿವೆ. ಬಿಪಿಎ, ಥಾಲೇಟ್, ಪ್ಯಾರಾಬೆನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ. ಒಳಗೆ ಹೋದದ್ದರಲ್ಲಿ ಬಹುಪಾಲು ಒಂದೆರಡು ದಿನದೊಳಗೆ ಮೂತ್ರದಲ್ಲಿ ಹೊರಬೀಳುತ್ತದೆ. ಆದರೂ ಯಾವಾಗ ಪರೀಕ್ಷಿಸಿದರೂ ಸಿಗುತ್ತದೆ, ಏಕೆಂದರೆ ದಿನವೂ ಹೊಸದು ಸೇರುತ್ತಿರುತ್ತದೆ. ಹಾಗಾಗಿ ಒಂದು ಸಲದ ಪರೀಕ್ಷೆ ನಿನ್ನೆ ತಿಂದದ್ದನ್ನೂ ಇವತ್ತು ಹಚ್ಚಿಕೊಂಡದ್ದನ್ನೂ ಹೇಳುತ್ತದೆ, ನಿಮ್ಮ ಸರಾಸರಿಯನ್ನಲ್ಲ. ಆ ದುಡ್ಡಿಗೆ ಗಾಜಿನ ಡಬ್ಬಿ ಕೊಳ್ಳಿ.

ಇದರ ಲಾಭವೂ ಇದೆ: ರೂಢಿ ಬದಲಿಸಿದರೆ ಮಟ್ಟ ದಿನಗಳಲ್ಲೇ ಇಳಿಯುತ್ತದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಐದು ಕುಟುಂಬಗಳಿಗೆ ಮೂರು ದಿನ, ತವರದ ಡಬ್ಬಿಯದೂ ಪ್ಲಾಸ್ಟಿಕ್ ಪ್ಯಾಕಿನದೂ ಅಲ್ಲದ ತಾಜಾ ಊಟ ಕೊಟ್ಟರು. ಮೂತ್ರದಲ್ಲಿನ ಬಿಪಿಎ ಸರಾಸರಿ 66% ಇಳಿಯಿತು, ಹಳೆಯ ಊಟಕ್ಕೆ ಮರಳಿದಾಗ ಮತ್ತೆ ಏರಿತು.

ಆದ್ದರಿಂದ ಅಡುಗೆಮನೆಯಿಂದಲೇ ಶುರು ಮಾಡಿ. ನೋಡಬೇಕಾದ್ದು ಶಾಖ, ಜಿಡ್ಡು, ಎಷ್ಟು ಹೊತ್ತು ತಾಗಿತ್ತು ಎಂಬುದು. ಮೂರೂ ಕೂಡಿದಲ್ಲಿ ಸೋರಿಕೆ ಅತಿ ಹೆಚ್ಚು. ಥಾಲೇಟ್ ಪಿವಿಸಿ ಎಂಬ ಪ್ಲಾಸ್ಟಿಕ್ಕಿನಲ್ಲಿ ಸುಮ್ಮನೆ ಬೆರೆತಿರುತ್ತದೆ, ಬೆಸೆದುಕೊಂಡಿರುವುದಿಲ್ಲ. ಎಣ್ಣೆ ತಾಗಿದರೆ ಅತ್ತ ಜಾರುತ್ತದೆ. ಪಾಲಿಕಾರ್ಬೊನೇಟ್ ಎಂಬ ಗಡುಸು ಪ್ಲಾಸ್ಟಿಕ್ಕಿನ ಕಥೆ ಬೇರೆ. ಅದರ ಸರಪಳಿಯ ಕೊಂಡಿಯೇ ಬಿಪಿಎ. ಬಿಸಿನೀರು, ಕ್ಷಾರ ಹೆಚ್ಚಿರುವ ಸೋಪು ಆ ಸರಪಳಿಯನ್ನು ಕಡಿಯುತ್ತವೆ.

ಮಾಡಬೇಕಾದ್ದು: ಬಿಸಿ ಅಡುಗೆಯನ್ನು ಗಾಜು, ಸ್ಟೀಲ್ ಅಥವಾ ಪಿಂಗಾಣಿಗೇ ಹಾಕಿ. ಪ್ಲಾಸ್ಟಿಕ್ ಡಬ್ಬಿಯೇ ಬೇಕೆಂದರೆ ಪೂರ್ತಿ ಆರಿದ ಮೇಲೆ, ಅದೂ ಒಣ ಪದಾರ್ಥಕ್ಕೆ. ‘ಮೈಕ್ರೊವೇವ್ ಸೇಫ್’ ಮುದ್ರೆಯನ್ನು ಡಬ್ಬಿ ಶಾಖ ತಾಳುತ್ತದೆ ಎಂಬಷ್ಟಕ್ಕೆ ಓದಿಕೊಳ್ಳಿ, ಏನೂ ಸೋರುವುದಿಲ್ಲ ಎಂದಲ್ಲ. ಅಡಿಯ ತ್ರಿಕೋನದಲ್ಲಿ 3 ಇದ್ದರೆ ಪಿವಿಸಿ. 7 ಎಂದರೆ ‘ಇತರೆ’, ಎಲ್ಲ 7 ಕೂಡ ಕೆಟ್ಟದ್ದಲ್ಲ. ಗಾಜಿನಂತೆ ಪಾರದರ್ಶಕವಾಗಿ ಗಡುಸಾಗಿದ್ದರೆ ಪಾಲಿಕಾರ್ಬೊನೇಟ್ ಇರಬಹುದು ಎಂದುಕೊಳ್ಳಿ. ಗೀರುಬಿದ್ದು ಮಸುಕಾದ ಡಬ್ಬಿಯನ್ನು ಅಡುಗೆಮನೆಯಿಂದ ಹೊರಗೆ ಹಾಕಿ, ಮೊಳೆ ಇಡಲು ಬಳಸಿ.

ತವರದ ಡಬ್ಬಿಯ ಆಹಾರದಲ್ಲಿ ತೊಂದರೆ ತವರದ್ದಲ್ಲ, ಒಳಗಿನ ಎಪಾಕ್ಸಿ (ಬಿಪಿಎಯಿಂದ ಮಾಡುವ ರಾಳ) ಲೇಪನದ್ದು. ಇನ್ನೊಂದು ಪ್ರಯೋಗದಲ್ಲಿ ಐದು ದಿನ ದಿನಕ್ಕೊಂದು ಬಾರಿ ಡಬ್ಬಿಯ ಸೂಪು ಕುಡಿದವರ ಮೂತ್ರದಲ್ಲಿ ಬಿಪಿಎ ಹತ್ತು ಪಟ್ಟಿಗೂ ಮಿಗಿಲಾಗಿತ್ತು. ಅಲ್ಯೂಮಿನಿಯಂ ನೀರಿನ ಬಾಟಲಿಗಳ ಒಳಗೂ ಇಂಥ ಲೇಪನ ಇರುವುದುಂಟು. ಲೇಪನವಿಲ್ಲದ ಸ್ಟೀಲ್ ಬಾಟಲಿ ಆರಿಸಿ.

ಬಹಳ ಜನ ಗಮನಿಸದ ಜಾಗ ಗಾಜಿನ ಭರಣಿಯ ತಿರುಚುವ ಲೋಹದ ಮುಚ್ಚಳ. ಅದರೊಳಗಿನ ಮೆತ್ತನೆಯ ರಿಂಗ್ ಸಾಮಾನ್ಯವಾಗಿ ಪಿವಿಸಿ. ಎಣ್ಣೆ ಇರುವ ಪದಾರ್ಥವನ್ನು ಮುಚ್ಚಳಕ್ಕೆ ತಾಗುವಷ್ಟು ತುಂಬಬೇಡಿ, ಭರಣಿಯನ್ನು ಅಡ್ಡ ಮಲಗಿಸಬೇಡಿ.

‘ಬಿಪಿಎ ಫ್ರೀ’ ಸಾಲದು. ಅದರ ಬದಲಿಗೆ ಬರುವ ಬಿಪಿಎಸ್, ಬಿಪಿಎಫ್ ಅದೇ ಕುಟುಂಬದವು. ಜೀವಕೋಶದಲ್ಲಿ ಈಸ್ಟ್ರೊಜೆನ್ ಹಾರ್ಮೋನ್ ಅಂಟುವ ಜಾಗಕ್ಕೆ (ಗ್ರಾಹಿಗೆ) ಅವೂ ಅಂಟಿಕೊಳ್ಳುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಪಿಎಯ ದಿನದ ಮಿತಿಯನ್ನು ದೇಹತೂಕದ ಕಿಲೋಗೆ 0.2 ನ್ಯಾನೊಗ್ರಾಮಿಗೆ ಇಳಿಸಿತು. ಹಿಂದಿನ ಮಿತಿಗಿಂತ ಇದು 20,000 ಪಟ್ಟು ಕಡಿಮೆ. ಒಂದು ಪ್ಲಾಸ್ಟಿಕ್ ಬಿಟ್ಟು ಇನ್ನೊಂದು ಪ್ಲಾಸ್ಟಿಕ್ ಹಿಡಿಯುವುದಕ್ಕಿಂತ ವಸ್ತುವನ್ನೇ ಬದಲಿಸಿ.

ಲೇಬಲ್‌ಓದುಗ

ಅಡುಗೆಮನೆ ಮೊದಲು ಎಂಬುದು ಬಿಪಿಎಗೆ ಸರಿ. ಪ್ಯಾರಾಬೆನ್ ಮತ್ತು ಡೈಈಥೈಲ್ ಥಾಲೇಟ್ (ಸುಗಂಧಗಳಲ್ಲಿ ಬಳಸುವ ಥಾಲೇಟ್) ವಿಷಯದಲ್ಲಿ ಬಚ್ಚಲುಮನೆಯ ಕಪಾಟೇ ಮುಖ್ಯ, ಅದಕ್ಕೆ ಖರ್ಚೂ ಇಲ್ಲ, ಕಡಿಮೆ ಹಚ್ಚಿದರಾಯಿತು.

ಮೈಮೇಲೆ ಉಳಿಯುವ ಲೋಷನ್, ಡಿಯೋಡರೆಂಟ್, ಸುಗಂಧದ್ರವ್ಯಗಳನ್ನು ಮೊದಲು ನೋಡಿ. ತೊಳೆದುಹೋಗುವ ಶಾಂಪೂ, ಸೋಪು ಆಮೇಲೆ. ಲೇಬಲ್ಲಿನಲ್ಲಿ ‘ಫ್ರಾಗ್ರೆನ್ಸ್’ ಅಥವಾ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತು ಅಡಗಿರಬಹುದು. ಥಾಲೇಟ್ ಹೆಸರು ಬೇರೆಯಾಗಿ ಬರಬೇಕೆಂದಿಲ್ಲ. ‘ಅನ್‌ಸೆಂಟೆಡ್’ ಎಂದರೆ ವಾಸನೆ ಮುಚ್ಚಲು ಸುಗಂಧ ಹಾಕಿರಲೂಬಹುದು, ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನು ಹುಡುಕಿ. ಪ್ಯಾರಾಬೆನ್‌ಗಳಲ್ಲಿ ಪ್ರೊಪೈಲ್, ಬ್ಯೂಟೈಲ್ ಎಂಬವುಗಳ ಹಾರ್ಮೋನ್ ಚಟುವಟಿಕೆ ಮೀಥೈಲ್‌ಗಿಂತ ಹೆಚ್ಚು. ಸನ್‌ಸ್ಕ್ರೀನ್ ನಿಲ್ಲಿಸಬೇಡಿ, ಆಕ್ಸಿಬೆನ್‌ಜೋನ್ ಇರುವುದನ್ನು ಬಿಟ್ಟು ಜಿಂಕ್ ಆಕ್ಸೈಡಿನದು ಹಚ್ಚಿ.

2016ರ ಕ್ಯಾಲಿಫೋರ್ನಿಯಾ ಅಧ್ಯಯನದಲ್ಲಿ 100 ಹದಿಹರೆಯದ ಹುಡುಗಿಯರು ಮೂರೇ ದಿನ, ಈ ರಾಸಾಯನಿಕಗಳಿಲ್ಲ ಎಂದು ಲೇಬಲ್ ಹೇಳುವ ಉತ್ಪನ್ನಗಳಿಗೆ ಬದಲಿಸಿದಾಗ ಮೂತ್ರದಲ್ಲಿನ ಮೀಥೈಲ್, ಪ್ರೊಪೈಲ್ ಪ್ಯಾರಾಬೆನ್ ಸುಮಾರು 45% ಇಳಿದವು. ಆದರೆ ಬೇರೆರಡು ಪ್ಯಾರಾಬೆನ್ ಏರಿದವು! ಲೇಬಲ್ ಓದಿದರೆ ಎಲ್ಲ ತಿಳಿಯುತ್ತದೆ ಎನ್ನುವವರಿಗೆ ಇದನ್ನು ತೋರಿಸಿ.

ಕಾರ್ಬನ್ ಕಾರ್ಟ್ರಿಜ್

ಪಿಎಫ್‌ಎಎಸ್ ಅನ್ನು ಇವುಗಳ ಜೊತೆ ಸೇರಿಸಬೇಡಿ, ಲೆಕ್ಕವೇ ಬೇರೆ. ಈ ಗುಂಪಿನ ಪಿಎಫ್‌ಒಎ, ಪಿಎಫ್‌ಒಎಸ್‌ನಂಥವು ಮೈಯಲ್ಲಿ ಅರ್ಧಕ್ಕಿಳಿಯಲು ವರ್ಷಗಳೇ ಬೇಕು. ಇಲ್ಲಿ ಮೂರು ದಿನದ ಪಥ್ಯ ನಡೆಯುವುದಿಲ್ಲ.

ಗೀರಿಲ್ಲದ ನಾನ್‌ಸ್ಟಿಕ್ ಬಾಣಲೆ ದೊಡ್ಡ ಮೂಲವಲ್ಲ. ಖಾಲಿ ಬಾಣಲೆಯನ್ನು ದೊಡ್ಡ ಉರಿಯ ಮೇಲೆ ಬಿಡಬೇಡಿ. 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನ ಕೆಡತೊಡಗುತ್ತದೆ, ಖಾಲಿ ಬಾಣಲೆ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟುತ್ತದೆ. ಸವೆದಾಗ ಬೀಡುಕಬ್ಬಿಣ ಅಥವಾ ಸ್ಟೀಲ್ ತನ್ನಿ. ‘ಪಿಎಫ್‌ಒಎ ಫ್ರೀ’ ಎಂದರೆ ಆ ಒಂದು ವಸ್ತು ಇಲ್ಲ ಎಂದಷ್ಟೇ.

ಕಲುಷಿತ ಪ್ರದೇಶಗಳಲ್ಲಿ ನೀರೇ ಮುಖ್ಯ. ಕುದಿಸಿದರೆ ಪಿಎಫ್‌ಎಎಸ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸಾಂದ್ರವಾಗುತ್ತದೆ. ಆರ್‌ಒ ಅಥವಾ ಆ್ಯಕ್ಟಿವೇಟೆಡ್ ಕಾರ್ಬನ್ ಬೇಕು. ಕಾರ್ಬನ್ನಿನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ನೀರಿನ ರುಚಿ ಚೆನ್ನಾಗಿದೆ ಎಂದು ಕಾರ್ಟ್ರಿಜ್ ಬದಲಿಸದೆ ಇರುವುದು. ರುಚಿ ಕೆಡುವುದಕ್ಕೆ ಎಷ್ಟೋ ಮೊದಲೇ ಪಿಎಫ್‌ಎಎಸ್ ದಾಟಿಬರಬಹುದು. ತಯಾರಕರು ಹೇಳಿದ ಲೀಟರ್ ಲೆಕ್ಕ ಹಿಡಿದು ಬದಲಿಸಿ.

ಗಾಜಿನಭರಣಿ

ತುಂಬಾ ಉಪಯೋಗವಾಯಿತು. ಎರಡು ಉಳಿದವು: ಅಂಗಡಿಯ ಬಿಲ್ ಮುಟ್ಟುವುದು ಅಷ್ಟು ಅಪಾಯವೇ? ಮತ್ತೆ, ಇದನ್ನೆಲ್ಲ ಎಷ್ಟು ಮುಂಚೆ ಶುರು ಮಾಡಬೇಕು?

ಬೆಂಜೀನ್ ಉಂಗುರ

ಬಿಲ್: ಉಗುರಿನಿಂದ ಗೀರಿದರೆ ಕಪ್ಪು ಗೆರೆ ಬಿದ್ದರೆ ಅದು ಥರ್ಮಲ್ ಕಾಗದ. ಅದರಲ್ಲಿನ ಬಿಪಿಎ ಅಥವಾ ಬಿಪಿಎಸ್ ಬೆಸೆದುಕೊಂಡಿರುವುದಿಲ್ಲ, ಪುಡಿಯಂತೆ ಕೈಗೆ ಬರುತ್ತದೆ. ಯಾವಾಗಲೋ ಒಮ್ಮೆ ಮುಟ್ಟುವವರು ಚಿಂತಿಸಬೇಕಿಲ್ಲ, ದಿನವಿಡೀ ಹರಿದುಕೊಡುವ ಕ್ಯಾಷಿಯರ್ ಯೋಚಿಸಬೇಕು. ಸ್ಯಾನಿಟೈಜರ್ ಹಚ್ಚಿದ ಒದ್ದೆ ಕೈಯಲ್ಲಿ ಹಿಡಿಯಬೇಡಿ, ಚರ್ಮದ ಮೂಲಕ ಒಳಹೋಗುವುದು ಹೆಚ್ಚುತ್ತದೆ. ಸೋಪು-ನೀರು ಸಾಕು.

ಸಮಯ: ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ, ಆದ್ದರಿಂದ ಗಂಡಸರು ಮೂರು ತಿಂಗಳು ಮೊದಲೇ ಶುರು ಮಾಡಲಿ. ಗಂಡು ಭ್ರೂಣದ ಜನನಾಂಗಕ್ಕೆ ಥಾಲೇಟಿನ ಸೂಕ್ಷ್ಮ ಅವಧಿ ಮೊದಲ ತ್ರೈಮಾಸಿಕದಲ್ಲೇ ಬೀಳುತ್ತದೆ. ಗರ್ಭ ಖಚಿತವಾದ ಮೇಲೆ ಮನೆ ಸರಿಮಾಡಲು ಹೊರಟರೆ ತಡವಾಗಬಹುದು.

ಲೇಬಲ್‌ಓದುಗ

ಧೂಳನ್ನು ಯಾರೂ ಹೇಳಲಿಲ್ಲ. ಸೋಫಾದ ಫೋಮಿನ ಜ್ವಾಲೆನಿರೋಧಕಗಳು, ವಿನೈಲ್ ನೆಲಹಾಸಿನ ಥಾಲೇಟ್ ಎಲ್ಲವೂ ಧೂಳಿಗೆ ಸೇರುತ್ತವೆ. ಒಣ ಪೊರಕೆ ಅದನ್ನು ಗಾಳಿಗೆ ಎಬ್ಬಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಇಲ್ಲವೇ ಹೆಪಾ (ಅತಿ ಸಣ್ಣ ಧೂಳನ್ನೂ ಹಿಡಿಯುವ) ಫಿಲ್ಟರಿನ ವ್ಯಾಕ್ಯೂಮ್ ಬಳಸಿ. ನೆಲದಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಊಟಕ್ಕೆ ಮುಂಚೆ ಅದರ ಕೈ ತೊಳೆಸುವುದು ಯಾವ ದುಬಾರಿ ಉಪಕರಣಕ್ಕೂ ಕಡಿಮೆಯಲ್ಲ.

ಇನ್ನೊಂದು: ಕೆಲವು ಮಾತ್ರೆಗಳ ಹೊರಲೇಪನದಲ್ಲಿ ಡೈಬ್ಯೂಟೈಲ್ ಥಾಲೇಟ್ ಇರುವುದುಂಟು. ಹಾಗಂತ ನೀವಾಗಿಯೇ ಔಷಧಿ ನಿಲ್ಲಿಸಬೇಡಿ. ಅದೇ ಔಷಧಿ ಬೇರೆ ಲೇಪನದಲ್ಲಿ ಸಿಗುತ್ತದೆಯೇ ಎಂದು ವೈದ್ಯರನ್ನೋ ಫಾರ್ಮಸಿಸ್ಟನ್ನೋ ಕೇಳಿ.