ಮರೆವಳ್ಳಿಯನ್ನು ಬೆಳೆಯುವವರು ಯಾರು?

ಕಳೆದ ಸಂಚಿಕೆಯ ಸಮಸ್ಯೆ: ನಾನು ಪ್ರೌಢಶಾಲೆಯ ಗಣಿತ ಶಿಕ್ಷಕ. ನಾಲ್ಕು ವರ್ಷಗಳಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಅದು ನಡೆಯುವುದು ಯಾವ ನಕಾಶೆಯಲ್ಲೂ ಇಲ್ಲದ ಒಂದು ದ್ವೀಪದಲ್ಲಿ. ಸಂಜೆಯಾದರೆ ಅಲ್ಲಿನವರೆಲ್ಲ ‘ಮರೆವಳ್ಳಿ’ ಎಂಬ ಬಳ್ಳಿಯ ಎಲೆ ಜಗಿಯುತ್ತಾರೆ. ಆ ದಿನದ ಸಿಟ್ಟು, ಅವಮಾನ ಮರೆತುಹೋಗುತ್ತದೆ. ಹಸ್ತಪ್ರತಿ ಓದಿದ ಗೆಳೆಯರು ‘ಭಂಗಿ ಸೊಪ್ಪಿಗೆ ಬೇರೆ ಹೆಸರಿಟ್ಟಿದ್ದೀಯ, ಅಷ್ಟೆ’ ಎಂದರು. ಹೆಂಡತಿ ‘ಮೇಷ್ಟ್ರಾಗಿ ಮಕ್ಕಳಿಗೆ ಇದನ್ನೇ ಹೇಳಿಕೊಡುತ್ತೀರಾ?’ ಎಂದಳು. ಎಲೆಯನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ. ಏನು ಮಾಡಲಿ?

ಓದುಗರು ಬರೆದ ಉತ್ತರಗಳು ಇಲ್ಲಿವೆ.

*

ಮೇಷ್ಟ್ರೇ, ನಿಮ್ಮ ದ್ವೀಪದಲ್ಲಿ ಎಲ್ಲರೂ ಎಲೆ ಜಗಿಯುತ್ತಾರೆ, ಸರಿ. ಕೊಯ್ಯುವವರು ಯಾರು? ನಮ್ಮದು ಮೂರು ತಲೆಮಾರಿನ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗ ಬಂತೆಂದರೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರಿಗಾಗಿ ಊರೂರು ಅಲೆಯಬೇಕು. ಅಡಿಕೆ ಗೊನೆ ಇಳಿಸಬೇಕು, ಸುಲಿಯಬೇಕು, ಬೇಯಿಸಬೇಕು, ಬೇಯಿಸಿದ ನೀರಿನ ಚೊಗರು ಹಾಕಬೇಕು, ಒಣಹಾಕಿದ ಅಂಗಳದ ಮೇಲೆ ಮೋಡ ಕವಿದರೆ ಊಟ ಬಿಟ್ಟು ಓಡಬೇಕು. ಅಷ್ಟೆಲ್ಲ ಆಗಿ ಮಂಡಿಗೆ ಹೋದರೆ ದರ ಬಿದ್ದಿರುತ್ತದೆ. ಬಾಯಿಗೆ ಹಾಕಿಕೊಳ್ಳುವವನಿಗೆ ಇದ್ಯಾವುದೂ ಗೊತ್ತಿರುವುದಿಲ್ಲ. ನಿಮ್ಮ ದ್ವೀಪದ ಬಳ್ಳಿಗೂ ಒಂದು ರೋಗ ಬರಲಿ, ಆಗ ನೋಡಿ ಕಥೆ ಹೇಗೆ ಹೊರಳುತ್ತದೆ.

ಇನ್ನೊಂದು ಮಾತು. ಅಡಿಕೆಯೂ ಸೊಕ್ಕುತ್ತದೆ. ಅಭ್ಯಾಸವಿಲ್ಲದವರು ಹಸಿ ಹೋಳು ಜಗಿದರೆ ಕಿವಿ ಬಿಸಿಯಾಗಿ, ಹಣೆ ಬೆವರಿ, ಕಂಬ ಹಿಡಿದು ಕುಳಿತುಬಿಡುತ್ತಾರೆ. ಆದರೂ ನಾವು ಯಾರೂ ಅದನ್ನು ಅಮಲಿನ ಪದಾರ್ಥ ಎನ್ನುವುದಿಲ್ಲ. ಮದುವೆ ಗೊತ್ತಾದರೆ ವೀಳ್ಯಶಾಸ್ತ್ರ, ಅತಿಥಿ ಬಂದರೆ ಎಲೆ ಅಡಿಕೆ ತಟ್ಟೆ, ಹಿಂದಿನವರಿಗೆ ಯುದ್ಧಕ್ಕೂ ರಣವೀಳ್ಯ. ಒಂದು ಎಲೆ ಸಮಾಜದಲ್ಲಿ ಬೇರು ಬಿಟ್ಟಿತೆಂದರೆ ಅದು ಮಾತಿಗೆ ಮುದ್ರೆಯಾಗುತ್ತದೆ, ಬೇಡವೆಂದವನು ಸಂಬಂಧವನ್ನೇ ಬೇಡವೆಂದ ಹಾಗೆ. ನಿಮ್ಮ ದ್ವೀಪದಲ್ಲಿ ಮರೆವಳ್ಳಿಯನ್ನು ಬೇಡವೆಂದವನನ್ನು ಜನ ಹೇಗೆ ನೋಡುತ್ತಾರೆ? ನೀವು ಕಳಿಸಿದ ಸಾರಾಂಶದಲ್ಲಿ ಅಂಥವನೊಬ್ಬನೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲನೇ ಗುಂಪಿಗೆ ಸೇರಿಸಿದೆ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಆ ವಿಷಯ ಎತ್ತುವಂತಿಲ್ಲ. ಅಪ್ಪ ಕೈ ತೊಳೆದು ಎದ್ದುಹೋಗುತ್ತಾರೆ. ನನ್ನ ಓದು, ತಂಗಿಯ ಮದುವೆ ಎರಡೂ ಅದೇ ಅಡಿಕೆಯಿಂದ ಆದದ್ದು. ಬೆಳೆಗಾರನ ಈ ಇಕ್ಕಟ್ಟನ್ನು ಬರೆದರೆ ನಿಮ್ಮ ಹೆಂಡತಿಯ ಪ್ರಶ್ನೆಗೂ ಉತ್ತರ ಸಿಕ್ಕೀತು.

— ಅಡಿಕೆ ಬೆಳೆಗಾರ, ತೀರ್ಥಹಳ್ಳಿ

*

ತೆಗೆದುಬಿಡಿ. ಗಣಿತದ ಮೇಷ್ಟ್ರ ಬದುಕಿನಲ್ಲಿ ಬರೆಯಲು ಏನೂ ಇಲ್ಲವೇ? ನಲವತ್ತು ಮಕ್ಕಳು, ಒಂದು ಕಪ್ಪುಹಲಗೆ, ಯಾರಿಗೂ ಅರ್ಥವಾಗದ ಬೀಜಗಣಿತ. ನಾನಾದರೆ ಅದನ್ನೇ ಓದುತ್ತೇನೆ.

— ಓದುಗ, ಹಾಸನ

*

ನಾನು ಶುಶ್ರೂಷಕಿಯಾಗಿ ಯೆಮನ್‌ನ ಸನಾದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಬಾಬಾಬುಡನ್ ಅವರು ಏಳು ಕಾಫಿ ಬೀಜ ತಂದರೆಂದು ನಮ್ಮ ಐತಿಹ್ಯ ಹೇಳುತ್ತದಲ್ಲ, ಅದೇ ಯೆಮನ್. ಕಾಫಿ ಬೆಳೆಯುತ್ತಿದ್ದ ಎಷ್ಟೋ ಇಳಿಜಾರುಗಳಲ್ಲಿ ಈಗ ಖಾತ್ ಎಂಬ ಉತ್ತೇಜಕ ಎಲೆಯ ಗಿಡ. ಮಧ್ಯಾಹ್ನದ ಊಟ ಮುಗಿದ ಮೇಲೆ ಊರಿಗೆ ಊರೇ ಒಂದು ಕೆನ್ನೆ ಉಬ್ಬಿಸಿಕೊಂಡು ಕುಳಿತಿರುತ್ತದೆ. ಎಳೆಯ ಚಿಗುರನ್ನು ಜಗಿದು ರಸ ನುಂಗಿ, ಉಳಿದದ್ದನ್ನು ಕೆನ್ನೆಯಲ್ಲೇ ಚೆಂಡಿನ ಹಾಗೆ ಕೂಡಿಡುತ್ತಾರೆ. ಕುಳಿತಲ್ಲೇ ಜಗಳ ತೀರ್ಮಾನವಾಗುತ್ತದೆ, ವ್ಯಾಪಾರ ಕುದುರುತ್ತದೆ. ಹೆಂಗಸರ ಕೂಟ ಬೇರೆ. ಮೊದಮೊದಲು ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಹೊತ್ತು ಮುಳುಗುವಾಗ ಕೋಣೆ ತಾನಾಗಿ ಮೌನವಾಗುತ್ತದೆ. ಆ ಮೌನವೇ ನನಗೆ ಇವತ್ತಿಗೂ ನೆನಪಿರುವುದು.

ಖಾತ್ ಕಿತ್ತು ಒಂದೆರಡು ದಿನವಾದರೆ ಅದರ ಕಸುವು ಇಳಿಯುತ್ತದೆ. ಹಾಗಾಗಿ ಬೆಟ್ಟದಿಂದ ಪೇಟೆಗೆ ಅದನ್ನು ತರುವ ಗಾಡಿಗಳ ಓಟ ನೋಡಬೇಕು. ನಮ್ಮ ಆಂಬುಲೆನ್ಸ್‌ಗೂ ಅಷ್ಟು ಆತುರ ಇರಲಿಲ್ಲ. ಆ ಗಿಡಕ್ಕೆ ನೀರುಣಿಸಿ ಉಣಿಸಿ ಸನಾ ಬಯಲಿನ ಅಂತರ್ಜಲ ಪಾತಾಳಕ್ಕಿಳಿದಿದೆ. ನಾವಿದ್ದ ಮನೆಗೆ ಟ್ಯಾಂಕರ್ ನೀರು. ಖಾತ್ ತೋಟಕ್ಕೆ ಮಾತ್ರ ಕೊಳವೆಬಾವಿ.

ನಿಮ್ಮ ಮರೆವಳ್ಳಿ ಎಷ್ಟು ಹೊತ್ತಿಗೆ ಬಾಡುತ್ತದೆ, ಎಷ್ಟು ನೀರು ಕುಡಿಯುತ್ತದೆ? ಈ ಎರಡನ್ನು ಗೊತ್ತುಮಾಡಿಕೊಳ್ಳಿ. ದ್ವೀಪದ ರಸ್ತೆಗಳು ಎಲ್ಲಿಂದ ಎಲ್ಲಿಗೆ, ಬಾವಿ ಯಾರ ಕೈಯಲ್ಲಿ, ಇವೆಲ್ಲ ತಾವಾಗಿ ಬರೆಸಿಕೊಳ್ಳುತ್ತವೆ. ಗಣಿತ ಗೊತ್ತಿರುವವರಿಗೆ ಕಷ್ಟವೇನಲ್ಲ.

— ನಿವೃತ್ತ ಶುಶ್ರೂಷಕಿ, ಉಡುಪಿ

*

‘ಭಂಗಿಗೆ ಬೇರೆ ಹೆಸರು’ ಎಂದ ಗೆಳೆಯರಿಗೆ ಇದನ್ನು ತೋರಿಸಿ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂತೆನೆ. ತೆನೆಯ ಜೊತೆಗಿರದ ಬರೀ ಎಲೆ, ಅಂದರೆ ಭಂಗಿ, ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಒಂದೇ ಗಿಡ, ತುದಿಗೆ ಜೈಲು, ಕೆಳಗಿನ ಎಲೆಗೆ ಆಯಾ ರಾಜ್ಯದ ನಿಯಮ. ಇಂಥದ್ದನ್ನು ನೀವು ಕಾದಂಬರಿಯಲ್ಲಿ ಕಲ್ಪಿಸಿದ್ದರೆ ಸಂಪಾದಕರು ‘ಅಸಹಜ’ ಎಂದು ಗೀಟು ಹಾಕುತ್ತಿದ್ದರು.

— ವಕೀಲ, ಕಲಬುರಗಿ

*

ಎಲೆಯನ್ನು ಕೊಡುವ ಕೈ ಯಾರದು ಎಂಬುದನ್ನು ಮೊದಲು ನಿಶ್ಚಯಿಸಿ. ಹೋಮರನ ‘ಒಡಿಸ್ಸಿ’ಯಲ್ಲಿ ಹೆಲೆನ್ ದ್ರಾಕ್ಷಾರಸಕ್ಕೆ ದುಃಖ ಮರೆಸುವ ಒಂದು ಮದ್ದು ಬೆರೆಸುತ್ತಾಳೆ. ಅದನ್ನು ಕುಡಿದವನು ಹೆತ್ತವರು ಸತ್ತರೂ ಆ ದಿನ ಕಣ್ಣೀರು ಹಾಕುವುದಿಲ್ಲವಂತೆ. ಅಲ್ಲಿ ಕೊಡುವವಳು ಮನೆಯೊಡತಿ. ಆಲ್ಡಸ್ ಹಕ್ಸ್‌ಲಿ 1932ರ ತನ್ನ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಯಲ್ಲಿ ವೇದದ ಸೋಮದ ಹೆಸರನ್ನೇ ಒಂದು ಗುಳಿಗೆಗೆ ಇಟ್ಟ. ಅಲ್ಲಿ ಕೊಡುವುದು ಸರ್ಕಾರ, ಪಾಳಿ ಮುಗಿಸಿ ಬಂದ ಕೆಲಸಗಾರರಿಗೆ. ಋಗ್ವೇದದ ಒಂಬತ್ತನೇ ಮಂಡಲ ಪೂರ್ತಿ ಸೋಮಕ್ಕೇ ಮೀಸಲು. ಆದರೂ ಆ ಗಿಡ ಯಾವುದೆಂದು ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಗಿಡ ಕಳೆದುಹೋಗಿ ಸ್ತೋತ್ರ ಉಳಿಯಿತು. ನಿಮ್ಮ ದ್ವೀಪಕ್ಕೆ ಇದಕ್ಕಿಂತ ಒಳ್ಳೆಯ ಮುಂದಿನ ಭಾಗ ನನಗೆ ಹೊಳೆಯುತ್ತಿಲ್ಲ.

ನಮ್ಮ ಕನ್ನಡವೇ ಒಂದು ಸುಳಿವು ಕೊಟ್ಟಿದೆ ನೋಡಿ. ‘ಅಮಲು’ ಎಂದರೆ ನಶೆ, ಅಧಿಕಾರ ಎಂದೂ ಅರ್ಥ. ಕಂದಾಯ ವಸೂಲಿಗೆ ಬರುತ್ತಿದ್ದವನು ಅಮಲ್ದಾರ. ‘ಸೊಕ್ಕು’ ಎಂದರೂ ಹಾಗೆಯೇ, ತಲೆ ತಿರುಗುವುದೂ ಹೌದು, ತಲೆ ಮೇಲಾಗುವುದೂ ಹೌದು. ನಿಮ್ಮ ದ್ವೀಪದ ಅಮಲ್ದಾರ ಸಂಜೆ ಎಲೆ ಜಗಿಯುತ್ತಾನೋ ಇಲ್ಲವೋ? ನನಗನ್ನಿಸುವುದು, ಜಗಿಯುವುದಿಲ್ಲ.

— ನಿವೃತ್ತ ಅಧ್ಯಾಪಕಿ, ಧಾರವಾಡ

*

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮಪ್ಪ ಸಾರಾಯಿ ಕುಡಿಯುತ್ತಿದ್ದರು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ನಾನು ಏಳನೇ ತರಗತಿ. ಅಮ್ಮ ಆ ದಿನ ಪಾಯಸ ಮಾಡಿದ್ದಳು. ಒಂದೇ ವಾರಕ್ಕೆ ಅಪ್ಪ ಅದಕ್ಕಿಂತ ದುಬಾರಿಯ ಬಾಟಲಿಗೆ ಹೋದರು. ಪಾಯಸದ ಬೆಲ್ಲದ ಸಾಲ ಅಂಗಡಿಯಲ್ಲಿ ಇನ್ನೂ ಹಾಗೇ ಇತ್ತು.

ನಿಮ್ಮ ದ್ವೀಪದ ಜನ ಸಂಜೆ ಎಲೆ ಜಗಿದು ಅವಮಾನ ಮರೆಯುತ್ತಾರೆ ಎಂದಿರಿ. ಅವಮಾನ ಮಾಡಿದವರೂ ಅದೇ ಎಲೆ ಜಗಿಯುತ್ತಾರಲ್ಲವೇ? ಅಪ್ಪನಿಗೆ ಬೆಳಿಗ್ಗೆ ಏನೂ ನೆನಪಿರುತ್ತಿರಲಿಲ್ಲ. ‘ಮುಖ ಯಾಕೆ ಊದಿದೆ?’ ಎಂದು ಅಮ್ಮನನ್ನು ಕೇಳುತ್ತಿದ್ದರು, ನಿಜವಾದ ಕಾಳಜಿಯಿಂದಲೇ. ಅಮ್ಮ ‘ಬಚ್ಚಲಲ್ಲಿ ಜಾರಿದೆ’ ಎನ್ನುತ್ತಿದ್ದಳು. ಎಲೆಯನ್ನು ತೆಗೆಯಬೇಡಿ ಸರ್. ಮರುದಿನದ ಬೆಳಗನ್ನೂ ಬರೆಯಿರಿ.

— ಹೆಸರು ಬೇಡ, ಹಾವೇರಿ ಜಿಲ್ಲೆ

*

‘ಮರೆ’, ‘ಬಳ್ಳಿ’ ಸೇರಿ ಮರೆವಳ್ಳಿ: ಬಕಾರಕ್ಕೆ ವಕಾರ, ಆದೇಶ ಸಂಧಿ, ವ್ಯಾಕರಣಕ್ಕೆ ಪೂರ್ತಿ ಅಂಕ. ಆದರೆ ನಮ್ಮ ಮನೆಯಲ್ಲಿ ಪತ್ರಿಕೆ ಓದಿದವರೆಲ್ಲ ಅದು ಮಳವಳ್ಳಿಯ ಪಕ್ಕದ ಊರು ಎಂದುಕೊಂಡರು. ಮಾವನವರಂತೂ ಮದ್ದೂರಿನಿಂದ ಬಸ್ಸು ಇದೆಯೇ ಎಂದು ಕೇಳುತ್ತಿದ್ದಾರೆ. ದಯವಿಟ್ಟು ಹೆಸರು ಬದಲಿಸಿ.

— ಗೃಹಿಣಿ, ಮಂಡ್ಯ